ಒಂದು ಸಣ್ಣ ಪೇಟೆಯ ಹೆಗ್ಗುರುತುಗಳು: ಮೂಡಬಿದರೆಯ ಬೀದಿಯೂ ಬಸದಿಗಳೂ

ಚಾರ್ಮಾಡಿ ಘಟ್ಟವನ್ನು ಇಳಿದು ಪಡುವಣಕ್ಕೆ ಬರುವವರಿಗೆ ಮೊದಮೊದಲು ದೊರೆಯುವ ಊರುಗಳಲ್ಲಿ ಮುಂಡಾಜೆಯೂ ಒಂದು. ಊರು ಎಂದೆವಾದರೂ, ಬಯಲುಸೀಮೆಯವರು ಆ ಮಾತಿಗೆ ಕೊಡುವ ಅರ್ಥದಲ್ಲಿ ಅದನ್ನು ಊರೆನ್ನುವುದು ಕಷ್ಟ. ಮೈಸೂರು ಕಡೆಯ ಹಳ್ಳಿಯಲ್ಲಿ ಮನೆಗಳೆಲ್ಲ ಒಂದೆಡೆ ಗುಂಪಾಗಿದ್ದು ಸುತ್ತಲೂ ಹೊಲಗಳು ಹಬ್ಬಿರುತ್ತವೆ. ತುಳುನಾಡಿನಲ್ಲಿ ಹಾಗಲ್ಲ. ಇಲ್ಲಿ ತೋಟವು ನೀರನ್ನು ಹುಡುಕಿಕೊಂಡು ಹೋಗುತ್ತದೆ, ಮನೆಯು ತೋಟವನ್ನು ಹುಡುಕಿಕೊಂಡು ಹೋಗುತ್ತದೆ. ಮೃತ್ಯುಂಜಯ ಹೊಳೆಯ ಆಚೀಚೆ, ಗುಡ್ಡದ ಮಗ್ಗುಲುಗಳಲ್ಲಿ, ಒಂದು ಅಡಿಕೆ ತೋಟಕ್ಕೆ ಒಂದು ಮನೆಯೆಂಬಂತೆ ಮುಂಡಾಜೆಯು ಹರಡಿಕೊಂಡಿದೆ. ಇಂಥ ಊರಿನಲ್ಲಿ ದಾರಿ ಕೇಳಿದವನಿಗೆ ಒಂದು ಗದ್ದೆಯ ಹೆಸರನ್ನೋ, ಒಂದು ಅಶ್ವತ್ಥ ಕಟ್ಟೆಯನ್ನೋ, ನಾಗಬನವನ್ನೋ, ದೈವಸ್ಥಾನವನ್ನೋ ಹೇಳುತ್ತಾರೆ. ಊರವರಿಗೆ ಅವು ಕಣ್ಣಿಗೆ ಕಟ್ಟಿದಂತಿರುವ ಗುರುತುಗಳು; ಪರಸ್ಥಳದವನಿಗೆ ಎಲ್ಲವೂ ಹಸುರು.

ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ಮನೆಗಳು ಚದರಿಕೊಂಡಿರುವುದೇ ನಿಯಮವಾಗಿರುವ ನಾಡಿನಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಗಳೂ ನೇರವಾದ ಬೀದಿಯೂ ಉಳ್ಳ ಪೇಟೆಯೊಂದು ಎದುರಾದರೆ, ಅದು ತಾನಾಗಿಯೇ ಆದುದೆಂದು ಭಾವಿಸುವಂತಿಲ್ಲ. ಅದು ಅಲ್ಲಿ ಏಕೆ ಬಂತೆಂದು ಕೇಳಲೇಬೇಕು. ಮುಂಡಾಜೆಯಿಂದ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ವೇಣೂರುಗಳ ಮಾರ್ಗವಾಗಿ ತಲಪಬಹುದಾದ ಮೂಡಬಿದರೆ ಅಂತಹ ಒಂದು ಪೇಟೆ. ಅದರ ಬಸದಿಗಳ ವಿಷಯದಲ್ಲಿ ಬರೆದವರು ಅನೇಕರಿದ್ದಾರೆ. ಆದರೆ ಆ ಬರವಣಿಗೆಯ ಬಹುಭಾಗವು ಒಂದೇ ಬಸದಿಯನ್ನು, ಅದರಲ್ಲಿಯೂ ಅದರ ಕಂಬಗಳ ಸಂಖ್ಯೆಯನ್ನು ಸುತ್ತಿಕೊಂಡಿದೆ. ಊರನ್ನು ಬಿಟ್ಟು ಕಟ್ಟಡವನ್ನು ಮಾತ್ರ ನೋಡಿದುದರಿಂದ ಕೆಲವು ತಪ್ಪು ಕಲ್ಪನೆಗಳು ಬೇರುಬಿಟ್ಟಿವೆ ಎಂಬುದು ನಮ್ಮ ಅಭಿಪ್ರಾಯ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಊರಿನ ಗುರುತುಗಳನ್ನು ಒಟ್ಟಾಗಿ ಇಟ್ಟು ನೋಡಲು ಯತ್ನಿಸಿದ್ದೇವೆ.

ಹೆಸರಿನಿಂದಲೇ ತೊಡಗಬಹುದು. ಬಿದಿರು ಹೆಚ್ಚಾಗಿದ್ದ ಎಡೆಯಾದುದರಿಂದ ಬಿದಿರೆ. ಕಡಲ ತಡಿಯಲ್ಲಿರುವ ಪಡುಬಿದಿರೆಯಿಂದ ಬೇರ್ಪಡಿಸಲು ಮೂಡಬಿದರೆ. ಸಂಸ್ಕೃತದಲ್ಲಿ ಬರೆದವರು ಇದನ್ನೇ ವೇಣುಪುರ, ವಂಶಪುರ ಎಂದು ಮಾಡಿಕೊಂಡರು. ಇದರಲ್ಲಿ ಗಮನಿಸಬೇಕಾದುದೇನೆಂದರೆ, ಮೂಡ-ಪಡು ಎಂಬ ಈ ಜೋಡಿ ಹೆಸರುಗಳು ಎರಡು ಊರುಗಳಿಗೂ ಓಡಾಡುತ್ತಿದ್ದವರ ಬಾಯಲ್ಲಿ ಮಾತ್ರ ಹುಟ್ಟಲು ಸಾಧ್ಯ. ಬಿದಿರೆಯಲ್ಲಿಯೇ ಕುಳಿತವನಿಗೆ ಅದು ಬರಿಯ ಬಿದಿರೆ. ಎರಡು ಬಿದಿರೆಗಳನ್ನೂ ಬಲ್ಲವನು ದಾರಿಹೋಕ, ಹೇರು ಹೊಡೆಯುವವನು, ವರ್ತಕ. ಘಟ್ಟದ ಬುಡದ ಮೆಣಸು, ಅಡಿಕೆ, ಅಕ್ಕಿಗಳು ಕಡಲಿನ ರೇವುಗಳಿಗೆ ಹೋಗುತ್ತಿದ್ದ ನಾಡಿನಲ್ಲಿ ನಡುದಾರಿಯ ಒಂದು ನಿಲುಗಡೆಗೆ ವರ್ತಕನೇ ಹೆಸರಿಟ್ಟಿದ್ದರೆ ಆಶ್ಚರ್ಯವೇನೂ ಇಲ್ಲ. ಇದು ಊಹೆಯೆಂದು ಒಪ್ಪುತ್ತೇವೆ. ಮುಂದೆ ಹೇಳುವ ಸಂಗತಿಗಳು ಇದಕ್ಕೆ ಬೆಂಬಲವಾಗಿವೆ.

ಊರಿನಲ್ಲಿ ಹದಿನೆಂಟು ಬಸದಿಗಳು, ಹದಿನೆಂಟು ದೇವಸ್ಥಾನಗಳು, ಹದಿನೆಂಟು ಕೆರೆಗಳು ಎಂದು ಹೇಳುವ ವಾಡಿಕೆ. ಹದಿನೆಂಟು ಎಂಬುದು ನಮ್ಮ ಜನಕ್ಕೆ ಪ್ರಿಯವಾದ ಸಂಖ್ಯೆ. ಕೆರೆಗಳ ಲೆಕ್ಕವನ್ನು ಯಾರಾದರೂ ಅಳತೆಯ ಸರಪಣಿ ಹಿಡಿದು ಪರೀಕ್ಷಿಸಲಿ. ಬಸದಿಗಳ ಮಟ್ಟಿಗೆ ಮಾತ್ರ ಈ ಎಣಿಕೆ ಬಾಯಿಮಾತಲ್ಲ. ಅವುಗಳಲ್ಲಿ ಹೆಚ್ಚಿನವು ಜೈನಪೇಟೆಯ ಬೀದಿಯನ್ನು ಹಿಡಿದು ಎಡಬಲಗಳಲ್ಲಿ ನಿಂತಿವೆ. ಅವುಗಳ ಹೆಸರುಗಳನ್ನು ಒಮ್ಮೆ ಕೇಳಬೇಕು. ಕೆಲವಕ್ಕೆ ದಿಕ್ಕಿನಿಂದ ಹೆಸರು: ಪಡು ಬಸದಿ, ಬಡಗ ಬಸದಿ. ಕೆಲವಕ್ಕೆ ಇರುವ ಎಡೆಯಿಂದ ಅಥವಾ ಮಾಡಿದ ವಸ್ತುವಿನಿಂದ: ಕೆರೆ ಬಸದಿ, ಕಲ್ಲು ಬಸದಿ, ಲೆಪ್ಪದ ಬಸದಿ. ಲೆಪ್ಪ ಎಂದರೆ ಹದಮಾಡಿದ ಮಣ್ಣಿನ ಲೇಪ. ಅಲ್ಲಿನ ಬಿಂಬವು ಕಲ್ಲಿನದೂ ಅಲ್ಲ, ಲೋಹದ್ದೂ ಅಲ್ಲ. ಉಳಿದ ಹೆಸರುಗಳೇ ನಮಗೆ ಮುಖ್ಯವಾದವು: ವಿಕ್ರಮಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ, ಚೋಳಶೆಟ್ಟಿ ಬಸದಿ, ದೇರಮ್ಮಶೆಟ್ಟಿ ಬಸದಿ, ಶೆಟ್ಟರ ಬಸದಿ. ಈ ಇಡೀ ಪಟ್ಟಿಯಲ್ಲಿ ಒಬ್ಬ ಅರಸನ ಹೆಸರೂ ಇಲ್ಲ.

ಅರಸರು ಇರಲಿಲ್ಲವೆಂದಲ್ಲ. ತುಳುನಾಡು ಸಣ್ಣಸಣ್ಣ ಜೈನ ಅರಸುಮನೆತನಗಳಿಂದ ತುಂಬಿಹೋಗಿತ್ತು: ಕಾರ್ಕಳದಲ್ಲಿ ಭೈರರಸರು, ಬಂಗಾಡಿಯಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಬೆಳ್ತಂಗಡಿಯಲ್ಲಿ ಮೂಲರು, ಉಳ್ಳಾಲದಲ್ಲಿಯೂ ಪುತ್ತಿಗೆಯಲ್ಲಿಯೂ ಚೌಟರು. ಚೌಟರು ಕೊನೆಗೆ ಮೂಡಬಿದರೆಗೇ ಬಂದು ನೆಲೆಸಿದರು. ಅವರ ಅರಮನೆಯು ಇಂದಿಗೂ ಊರಿನಲ್ಲಿದೆ. ಒಂಬತ್ತು ಹೆಂಗಳೆಯರು ಹೆಣೆದುಕೊಂಡು ಆನೆಯಾಗುವ ನವನಾರೀಕುಂಜರವನ್ನೂ, ಐವರು ಕೂಡಿ ಕುದುರೆಯಾಗುವ ಪಂಚನಾರೀತುರಗವನ್ನೂ ಅದರ ಮರದ ಕೆತ್ತನೆಯಲ್ಲಿ ನೋಡಿದವರು ಬೇಗನೆ ಮರೆಯಲಾರರು. ಆದರೆ ಚೌಟರು ಊರಿಗೆ ಬಂದಾಗ ಊರು ಆಗಲೇ ಇತ್ತು, ಬಸದಿಗಳೂ ಇದ್ದವು. ಅರಮನೆಯು ಪೇಟೆಯನ್ನು ಕರೆಯಲಿಲ್ಲ, ಪೇಟೆಯೇ ಅರಮನೆಯನ್ನು ಕರೆದುಕೊಂಡಿತು.

ಈಗ ಸಾವಿರಕಂಬದ ಬಸದಿಯ ವಿಚಾರ. ಶಾಸನಗಳಲ್ಲಿ ಇದರ ಹೆಸರು ತ್ರಿಭುವನಚೂಡಾಮಣಿ ಚೈತ್ಯಾಲಯ. ಊರವರ ಹಳೆಯ ಮಾತಿನಲ್ಲಿ ಹೊಸಬಸದಿ. ಆರುನೂರು ವರ್ಷಗಳಿಗೆ ಸಮೀಪಿಸುತ್ತಿರುವ ಕಟ್ಟಡವನ್ನು ಇನ್ನೂ ಹೊಸತೆನ್ನುವುದು ಕೇಳಲು ವಿನೋದವಾಗಿದ್ದರೂ, ಅದಕ್ಕಿಂತ ಹಳೆಯದಾದ ಗುರುಬಸದಿಯು ಹಳೆಬಸದಿಯೆನಿಸಿಕೊಂಡು ಪಕ್ಕದಲ್ಲಿಯೇ ಇರುವಾಗ ಬೇರೆ ಹೇಗೆ ಕರೆಯಬೇಕು? ವಿಜಯನಗರದ ಇಮ್ಮಡಿ ದೇವರಾಯನ ಆಳಿಕೆಯಲ್ಲಿ, ದೇವರಾಜ ಒಡೆಯನು ಈ ಸೀಮೆಯ ಅಧಿಕಾರಿಯಾಗಿದ್ದಾಗ, ೧೪೩೦ರಲ್ಲಿ ಇದು ನಿರ್ಮಿತವಾಯಿತು. ಚಕ್ರವರ್ತಿಯ ಹೆಸರು ಕಾಲವನ್ನು ತಿಳಿಸುವುದಕ್ಕೆ, ಅಧಿಕಾರಿಯ ಹೆಸರು ಅನುಮತಿಯನ್ನು ತಿಳಿಸುವುದಕ್ಕೆ. ಮಾಡಿಸಿದವರು ಊರಿನ ಸೆಟ್ಟಿಗಳು. ೧೪೫೧ರಲ್ಲಿ ಗದ್ದಿಗೆ ಮಂಟಪವೂ, ೧೪೬೨ರಲ್ಲಿ ಭೈರಾದೇವಿ ಮಂಟಪವೂ ಸೇರಿದವು. ಎದುರಿನ ಎತ್ತರದ ಮಾನಸ್ತಂಭವು ಭೈರರಸನ ರಾಣಿ ನಾಗಲಾದೇವಿಯ ಕೊಡುಗೆ. ರಾಜಮನೆತನದವರು ಇಲ್ಲಿ ಬಂದಿರುವುದು ದಾನಿಗಳ ಸಾಲಿಗೆ ಸೇರಿಕೊಳ್ಳುವುದಕ್ಕಾಗಿ. ಸಾಲನ್ನು ತೊಡಗಿಸಿದವರು ವರ್ತಕರು. ಭೈರಾದೇವಿ ಮಂಟಪದ ಅಧಿಷ್ಠಾನದ ಸಣ್ಣ ಕೆತ್ತನೆಗಳಲ್ಲಿ ಆನೆ ಕುದುರೆಗಳ ನಡುವೆ ಜಿರಾಫೆಯನ್ನೂ ಚೀನದ ಮಾದರಿಯ ಡ್ರ್ಯಾಗನ್ನನ್ನೂ ಗುರುತಿಸಿದ್ದಾರೆ. ಈ ಗುರುತು ಸರಿಯಾದರೆ ಅದನ್ನು ಕೆತ್ತಿಸಿದವನ ಗೆಳೆಯರು ಯಾವ ಯಾವ ರೇವುಗಳನ್ನು ಕಂಡವರೆಂದು ವಿವರಿಸಬೇಕಾಗಿಲ್ಲ.

ಕಂಬಗಳು ನಿಜಕ್ಕೂ ಸಾವಿರವಿವೆಯೇ ಎಂಬ ಪ್ರಶ್ನೆಯನ್ನು ನಾವು ಎತ್ತುವುದಿಲ್ಲ.

ಆದರೆ ಮಾಡಿನ ಪ್ರಶ್ನೆಯನ್ನು ಎತ್ತಲೇಬೇಕು. ಕಟ್ಟಡವು ಮೂರು ನೆಲೆಗಳದು. ಕೆಳಗಿನದು ಶಿಲೆಯದು, ಮೇಲಿನವು ಮರದವು. ಒಂದರ ಮೇಲೊಂದು ಇಳಿಜಾರಾದ ಮಾಡುಗಳು, ತುದಿಯಲ್ಲಿ ತಾಮ್ರದ ಹೊದಿಕೆ. ಕನ್ನಡನಾಡಿನ ಬೇರೆ ದೇವಾಲಯಗಳ ಶಿಖರವನ್ನೇ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಜೇಮ್ಸ್ ಫರ್ಗುಸನ್ ಎಂಬ ಪ್ರಸಿದ್ಧ ವಿದ್ವಾಂಸರು ೧೮೭೬ರಲ್ಲಿ ಪ್ರಕಟವಾದ ತಮ್ಮ ವಾಸ್ತು ಇತಿಹಾಸದಲ್ಲಿ ಈ ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದರು. ಅಂದಿನಿಂದ ನೇಪಾಳದ ಮಾತು ಪುಸ್ತಕದಿಂದ ಪುಸ್ತಕಕ್ಕೆ, ಪುಸ್ತಕದಿಂದ ಮಾರ್ಗದರ್ಶಕರ ನಾಲಗೆಗೆ ಇಳಿದು, ಹೋಲಿಕೆಯೆಂಬುದು ಮೂಲವೆಂದಾಗಿ, ಹಿಮಾಲಯದ ಶಿಲ್ಪಿಗಳು ಬಂದು ಕಟ್ಟಿದರೆಂಬ ಕಥೆಯವರೆಗೆ ಬೆಳೆದಿದೆ. ಫರ್ಗುಸನ್ನರಿಗೆ ನಾವು ಅನ್ಯಾಯ ಮಾಡಬಾರದು: ಇಲ್ಲಿನ ಕಲ್ಲುಕಂಬಗಳು ಮೂಲೆಗಳನ್ನು ಕೆತ್ತಿ ತೆಗೆದ ಮರದ ದಿಮ್ಮಿಗಳಂತಿವೆ, ಈ ಶೈಲಿಯ ಹಿಂದೆ ಮರದ ಮೂಲವೊಂದು ದೂರದಲ್ಲಿಲ್ಲ ಎಂಬುದನ್ನು ಅವರೇ ಕಂಡುಕೊಂಡಿದ್ದರು. ಆ ಮರದ ಮೂಲವನ್ನು ಹುಡುಕಲು ನೇಪಾಳಕ್ಕೆ ಹೋಗಬೇಕಾಗಿಲ್ಲ, ಪಕ್ಕದ ತೋಟದ ಮನೆಗೆ ಹೋದರೆ ಸಾಕು ಎಂಬುದಷ್ಟೇ ನಮ್ಮ ವಾದ.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಗಾಳಿಯೊಡನೆ ಓರೆಯಾಗಿ ಹೊಡೆಯುತ್ತದೆ. ಗೋಡೆಗೆ ಬಳಸುವುದು ಮುರಕಲ್ಲು. ಅಗೆದು ತೆಗೆದಾಗ ಮೆದುವಾಗಿದ್ದು ಗಾಳಿ ತಾಗಿದಂತೆ ಗಡುಸಾಗುವ ಈ ಕಲ್ಲು, ವರ್ಷ ವರ್ಷವೂ ಮಳೆಯ ಹೊಡೆತಕ್ಕೆ ನೇರವಾಗಿ ಸಿಕ್ಕಿದರೆ ಸವೆಯುತ್ತದೆ. ಆದುದರಿಂದ ಇಲ್ಲಿ ಮನೆ ಕಟ್ಟುವವನಿಗೆ ಗೋಡೆಗಿಂತ ಮಾಡಿನ ಚಿಂತೆ ಹೆಚ್ಚು. ಮಾಡು ಕಡಿದಾಗಿರಬೇಕು, ಅದರ ಅಂಚು ಗೋಡೆಯಿಂದ ಬಹುದೂರ ಚಾಚಿರಬೇಕು, ಚಾಚಿದ ಅಂಚನ್ನು ಹೊರಲು ಜಗಲಿಯ ಮೇಲೆ ಕಂಬಗಳ ಸಾಲಿರಬೇಕು. ಕಟ್ಟಡವನ್ನು ಎತ್ತರಿಸಬೇಕೆಂದಿದ್ದರೆ ಮಾಡಿನ ಮೇಲೆ ಇನ್ನೊಂದು ಕಿರಿದಾದ ಮಾಡನ್ನು ಏರಿಸಬೇಕೇ ಹೊರತು ಚಪ್ಪಟೆಯಾದ ಛಾವಣಿಗೆ ಇಲ್ಲಿ ಉಳಿಗಾಲವಿಲ್ಲ. ಬಸದಿಯ ಶಿಲ್ಪಿ ಮಾಡಿದ್ದು ಇದನ್ನೇ. ಕಲ್ಲಿನ ಚಪ್ಪಡಿಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಓರೆಯಾಗಿ ಜೋಡಿಸಿ, ಹಲಗೆಯ ಮಾಡನ್ನು ಕಲ್ಲಿನಲ್ಲಿ ತಂದಿದ್ದಾನೆ. ಭಟ್ಕಳದ ಗುಡಿಗಳಲ್ಲಿಯೂ ಇದೇ ಉಪಾಯವಿದೆ. ತೆಂಕಣಕ್ಕೆ ಹೋದರೆ ಕೇರಳದ ದೇವಸ್ಥಾನಗಳು ಇದೇ ಮಳೆಗೆ ಇದೇ ಉತ್ತರವನ್ನು ಕೊಟ್ಟಿವೆ. ನೇಪಾಳದವರಿಗೂ ಮಳೆಗಾಲವಿದೆ, ಮರವಿದೆ. ಅವರೂ ಅದೇ ತೀರ್ಮಾನಕ್ಕೆ ಬಂದರು. ಹಿಮ ಬೀಳುವ ನಾರ್ವೆಯ ಹಳೆಯ ಮರದ ಇಗರ್ಜಿಗಳಲ್ಲಿಯೂ ಮಾಡಿನ ಮೇಲೆ ಮಾಡು ಕಾಣುತ್ತದೆ. ಅದಕ್ಕಾಗಿ ನಾರ್ವೆಯವರನ್ನು ಯಾರೂ ಮೂಡಬಿದರೆಗೆ ಕರೆತಂದಿಲ್ಲ.

ಇಲ್ಲಿ ಇನ್ನೊಂದು ಭ್ರಮೆಯನ್ನೂ ನಿವಾರಿಸಬಹುದು. ಕರಾವಳಿಯೆಂದೊಡನೆ ಕಣ್ಣಮುಂದೆ ಬರುವ ಕೆಂಪು ಹಂಚಿನ ಮಾಡನ್ನು ಅನಾದಿಯೆಂದು ತಿಳಿಯುವವರಿದ್ದಾರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು ೧೮೬೫ರಲ್ಲಿ. ಅದಕ್ಕೆ ಮುಂಚೆ ಸಾಮಾನ್ಯರ ಮನೆಗಳಿಗೆಲ್ಲ ಹುಲ್ಲಿನ ಮಾಡು, ಇಲ್ಲವೆ ಮಡಲಿನ ಮಾಡು. ಪ್ರತಿವರ್ಷವೂ ಮಳೆಗೆ ಮುನ್ನ ಹೊಸದಾಗಿ ಹೊದಿಸಬೇಕು, ಬೇಸಗೆಯಲ್ಲಿ ಬೆಂಕಿಗೆ ಹೆದರಬೇಕು. ಅಂತಹ ಹುಲ್ಲುಮಾಡುಗಳ ನಡುವೆ ಕಲ್ಲಿನ ಮತ್ತು ತಾಮ್ರದ ಮಾಡನ್ನು ಹೊತ್ತ ಹದಿನೆಂಟು ಕಟ್ಟಡಗಳು ನಿಂತಿದ್ದ ಊರನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಆಕಾರವು ಮನೆಯದೇ, ಬಾಳಿಕೆ ಮಾತ್ರ ಮನೆಗಿಲ್ಲದ್ದು. ಸೆಟ್ಟಿಯು ತನಗಾಗಿ ಹುಲ್ಲುಮಾಡಿನಲ್ಲಿದ್ದು ತೀರ್ಥಂಕರನಿಗೆ ಕಲ್ಲುಮಾಡನ್ನು ಕಟ್ಟಿದನೆಂಬುದು ಊರಿನ ಸ್ವಭಾವವನ್ನು ತಿಳಿಸುವ ಸಂಗತಿ.

ವರ್ತಕರು ತಮ್ಮ ಊರಿಗೆ ತಾವೇ ಗುರುತನ್ನು ಕಟ್ಟಿಕೊಂಡ ನಿದರ್ಶನಗಳು ಬೇರೆಡೆಯೂ ಇಲ್ಲದಿಲ್ಲ. ಡೆನ್ಮಾರ್ಕಿನ ರೀಬೆ ಎಂಬುದು ಇಂದು ಸುಮಾರು ಎಂಟು ಸಾವಿರ ಜನರ ಸಣ್ಣ ಪಟ್ಟಣ. ಎಂಟನೆಯ ಶತಮಾನದಲ್ಲಿ ಹೊಳೆಯ ದಡದ ಸಂತೆಯಾಗಿ ಹುಟ್ಟಿದ್ದು. ಅದರ ಪ್ರಧಾನ ಇಗರ್ಜಿಗೆ ಬಳಸಿದ ಕಲ್ಲು ಆ ನಾಡಿನದಲ್ಲ. ರೈನ್ ನದಿಯ ಸೀಮೆಯಿಂದ ವ್ಯಾಪಾರದ ಹಡಗುಗಳಲ್ಲಿ ಬಂದದ್ದು. ಅದೇ ಇಗರ್ಜಿಗೆ ೧೩೩೩ರಲ್ಲಿ ಸೇರಿದ ಚೌಕಾಕಾರದ ಇಟ್ಟಿಗೆಯ ಗೋಪುರವನ್ನು ಇಂದಿಗೂ ಪೌರರ ಗೋಪುರವೆಂದೇ ಕರೆಯುತ್ತಾರೆ. ಅದು ದೇವರ ಮನೆಯ ಭಾಗವೂ ಹೌದು, ಊರಿನ ಕಾವಲುಗೋಪುರವೂ ಹೌದು. ಕಡಲು ಉಕ್ಕಿ ಬರುವಾಗ ಗಂಟೆ ಬಾರಿಸಿ ಎಚ್ಚರಿಸುವುದೂ ಅದರ ಕೆಲಸವಾಗಿತ್ತು. ಬಗ್ಗುನೆಲದ ರೀಬೆಗೆ ಕಡಲಿನ ಭಯ, ಮೂಡಬಿದರೆಗೆ ಮುಗಿಲಿನ ಭಯ. ಎರಡರಲ್ಲಿಯೂ ಹಣ ಕೊಟ್ಟವರ ನೆನಪು ಕಟ್ಟಡದ ಹೆಸರಿನಲ್ಲಿಯೇ ನಿಂತಿದೆ. ಆದರೆ ರೀಬೆಯಲ್ಲಿ ಪೌರರೆಲ್ಲ ಕೂಡಿ ಒಂದು ಗೋಪುರವನ್ನು ಎತ್ತಿದರು. ನಮ್ಮ ಸೆಟ್ಟಿಗಳು ಒಂದನ್ನು ಎಲ್ಲರೂ ಕೂಡಿ ಕಟ್ಟಿದ ಮೇಲೆಯೂ ತೃಪ್ತರಾಗದೆ ಮನೆಗೊಂದರಂತೆ ಬೇರೆ ಬೇರೆ ಕಟ್ಟಿಸಿದರು. ಇದನ್ನು ಧರ್ಮಶ್ರದ್ಧೆಯೆನ್ನಬೇಕೋ ಪೈಪೋಟಿಯೆನ್ನಬೇಕೋ ತಿಳಿಯದು, ಎರಡೂ ಇದ್ದಿರಬೇಕು.

ಇದಕ್ಕೆ ವಿರುದ್ಧವಾದ ನಿದರ್ಶನವು ನಾವು ಬಂದ ದಾರಿಯಲ್ಲಿಯೇ ಇದೆ. ಬೆಳ್ತಂಗಡಿಯ ಬಳಿ ದೂರಕ್ಕೇ ಕಾಣುವ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು ೧೭೯೪ರಲ್ಲಿ ಕೋಟೆಯನ್ನು ಕಟ್ಟಿಸಿ, ತಾಯಿಯ ನೆನಪಿಗಾಗಿ ಜಮಾಲಾಬಾದ್ ಎಂದು ಹೆಸರಿಟ್ಟನು. ಬಂಡೆಯ ನೆತ್ತಿಯಲ್ಲಿ ಕೋಟೆ ನಿಂತಿತು. ಹೆಸರು ಮಾತ್ರ ಜನರ ಬಾಯಲ್ಲಿ ಗಡಾಯಿಕಲ್ಲೆಂದೇ ಉಳಿಯಿತು. ವೇಣೂರಿನಲ್ಲಿ ಫಲ್ಗುಣಿ ಹೊಳೆಯ ದಡದಲ್ಲಿ ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ನಿಲ್ಲಿಸಿದ ಮೂವತ್ತೈದು ಅಡಿಯ ಗೊಮ್ಮಟನಿದ್ದಾನೆ. ಕಾರ್ಕಳದಲ್ಲಿ ೧೪೩೨ರಲ್ಲಿಯೇ ಗೊಮ್ಮಟನನ್ನು ನಿಲ್ಲಿಸಿದ್ದ ಭೈರರಸರ ಮನೆತನಕ್ಕೆ ಇದು ಸಹನೆಯಾಗದೆ ಯುದ್ಧವಾಯಿತೆಂದೂ, ಆ ಗಲಭೆಯಲ್ಲಿ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದರೆಂದೂ ಐತಿಹ್ಯವಿದೆ. ಐತಿಹ್ಯದ ಸತ್ಯಾಸತ್ಯಗಳೇನೇ ಇರಲಿ, ಅದರ ಧಾಟಿ ಅರಸರದು: ಒಬ್ಬನ ಕೀರ್ತಿ ಇನ್ನೊಬ್ಬನಿಗೆ ಕಂಟಕ. ಅಜಿಲರ ರಾಜ್ಯವು ಹೋದ ಮೇಲೆ ವೇಣೂರು ಸಣ್ಣ ಊರಾಗಿಯೇ ಉಳಿದು, ಮಹಾಮಸ್ತಕಾಭಿಷೇಕದ ವರ್ಷಗಳಲ್ಲಿ ಮಾತ್ರ ನಾಡಿನ ಕಣ್ಣಿಗೆ ಬೀಳುತ್ತದೆ. ಇತ್ತೀಚಿನದು ೨೦೨೪ರಲ್ಲಿ ನಡೆಯಿತು. ಮೂಡಬಿದರೆಗೆ ಒಬ್ಬ ಅರಸನ ಆಸರೆ ಇರಲಿಲ್ಲವಾದುದರಿಂದ ಒಬ್ಬ ಅರಸನ ಪತನದಿಂದ ಅದು ಬೀಳಲಿಲ್ಲ.

ಊರಿನಿಂದ ತುಸು ಹೊರಗೆ, ಕೊಡಂಗಲ್ಲಿನಲ್ಲಿ, ನಿಷಿಧಿಗಳ ಸಮೂಹವಿದೆ. ಮುರಕಲ್ಲಿನವು, ಕೆಳಗೆ ಅಗಲವಾಗಿ ಮೇಲೆ ಹೋದಂತೆ ಕಿರಿದಾಗುತ್ತ, ಮಾಡಿನ ಮೇಲೆ ಮಾಡನ್ನಿಟ್ಟಂತೆ ಅಂತಸ್ತುಗಳಾಗಿ ಏರುತ್ತವೆ. ಇವನ್ನೂ ನೇಪಾಳಕ್ಕೆ, ಚೀನಕ್ಕೆ ಕಟ್ಟಿದವರಿದ್ದಾರೆ. ನಮಗಂತೂ ಇವು ಬಸದಿಯ ಮಾಡನ್ನೇ ಚಿಕ್ಕದಾಗಿಸಿದಂತೆ ತೋರುತ್ತವೆ. ಬದುಕಿನಲ್ಲಿ ನೆರಳು ಕೊಟ್ಟ ಆಕಾರವನ್ನೇ ಸತ್ತವರ ಮೇಲೂ ಇಟ್ಟರು. ಯಾರ ನಿಷಿಧಿಯೆಂದು ಹೇಳುವ ಬರಹವು ಬಹುತೇಕ ಯಾವುದರ ಮೇಲೂ ಇಲ್ಲ. ಬೀದಿಯಲ್ಲಿ ಬಸದಿಗೆ ತನ್ನ ಹೆಸರನ್ನಿಟ್ಟವರ ಊರಿನಲ್ಲಿಯೇ ಇಷ್ಟು ಹೆಸರಿಲ್ಲದ ಕಲ್ಲುಗಳು!

ಹೆಗ್ಗುರುತು ಎಂಬುದು ಕಣ್ಣಿಗೆ ಕಾಣುವಂತಹುದೇ ಆಗಿರಬೇಕೆಂದಿಲ್ಲ. ಗುರುಬಸದಿಗೆ ಸಿದ್ಧಾಂತಬಸದಿಯೆಂದೂ ಹೆಸರು. ಅಲ್ಲಿ ಶತಮಾನಗಳ ಕಾಲ ಉಳಿದುಬಂದ ತಾಡೆಯೋಲೆಗಳಲ್ಲಿ ಷಟ್ಖಂಡಾಗಮವೂ ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯೂ ಇದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ದಿಗಂಬರ ಜೈನರಿಗೆ ಆಗಮಸಮಾನವಾದ ಈ ಗ್ರಂಥಗಳ ಹಳೆಯ ಪ್ರತಿಗಳು ಬೇರೆಲ್ಲಿಯೂ ಉಳಿದಿರಲಿಲ್ಲ. ಓಲೆಗಳಲ್ಲಿ ಕೆಲವು ಸಚಿತ್ರವಾಗಿವೆ. ಹನ್ನೆರಡನೆಯ ಶತಮಾನದ ಆ ವರ್ಣಚಿತ್ರಗಳು ದಕ್ಷಿಣದ ಚಿತ್ರಕಲೆಯ ಇತಿಹಾಸದಲ್ಲಿ ಬಹು ಮುಖ್ಯವಾದವು. ಬಹುಕಾಲ ಇವುಗಳಿಗೆ ದರ್ಶನ ಮಾತ್ರ ಇತ್ತು, ಓದು ಇರಲಿಲ್ಲ. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ತೊಡಗಿ ೧೯೨೨ರ ವೇಳೆಗೆ ಮುಗಿಯಿತು. ೧೯೩೯ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಮರಾವತಿಯಿಂದ ಹೊರಬಂದು, ಮುಂದೆ ಹದಿನಾರು ಸಂಪುಟಗಳಾಗಿ ಪೂರ್ಣಗೊಂಡಿತು. ಬಸದಿಗಳ ಮತ್ತು ಮಠದ ಇತರ ಓಲೆಗಳನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಪಟ್ಟಿಮಾಡಿ ೧೯೪೮ರಲ್ಲಿ ಸೂಚಿಯನ್ನು ಪ್ರಕಟಿಸಿದರು. ಪೇಟೆಯ ಶ್ರೀಮಂತಿಕೆ ಕರಗಿಹೋದ ಮೇಲೆಯೂ ಓಲೆಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಗೆದ್ದಲಿನಿಂದ ಉಳಿಸಿದ ಕೈಗಳು ಯಾರವೆಂದು ಯಾವ ಸೂಚಿಯಲ್ಲಿಯೂ ಬರುವುದಿಲ್ಲ.

ಇಂದು ಮೂಡಬಿದರೆಯು ತಾಲೂಕಿನ ಕೇಂದ್ರವಾಗಿದೆ, ವಿದ್ಯಾಸಂಸ್ಥೆಗಳಿಂದ ಹೆಸರಾಗಿದೆ. ಹೊರಗಿನಿಂದ ಬರುವವರು ಸಾವಿರಕಂಬದ ಬಸದಿಯನ್ನು ನೋಡಿ, ಚಿತ್ರ ತೆಗೆದುಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಬೀದಿಯಲ್ಲಿ ನೂರು ಹೆಜ್ಜೆ ಮುಂದೆ ಹೋದರೆ ಸಣ್ಣ ಬಸದಿಗಳಿವೆ. ಅವುಗಳ ಎದುರು ನಿಲ್ಲುವವರು ಕಡಮೆ. ವಿಕ್ರಮಶೆಟ್ಟಿ ಯಾರು, ದೇರಮ್ಮಶೆಟ್ಟಿಯ ವ್ಯಾಪಾರ ಯಾವುದು, ಅವರ ಸರಕು ಯಾವ ಘಟ್ಟದಿಂದ ಇಳಿಯಿತು, ಯಾವ ರೇವಿಗೆ ಹೋಯಿತು ಎಂಬುದಕ್ಕೆ ಉತ್ತರವು ಬಸದಿಯ ಗೋಡೆಯ ಮೇಲೆ ಇರಲಾರದು. ಅದು ಇದ್ದರೆ ಸರಕು ಬೆಳೆದ ಕಡೆ, ಎಂದರೆ ಮುಂಡಾಜೆ, ಬಂಗಾಡಿ, ಬೆಳ್ತಂಗಡಿ, ಬಂಟ್ವಾಳ ಸೀಮೆಗಳ ಹಳೆಯ ಮನೆಗಳ ಅಟ್ಟದಲ್ಲಿ, ಲೆಕ್ಕದ ಓಲೆಗಳಲ್ಲಿ ಮತ್ತು ಕಡತಗಳಲ್ಲಿ ಇರಬೇಕು. ಪುರಾಣದ ಓಲೆಯನ್ನು ದೇವರ ಕೋಣೆಯಲ್ಲಿಡುವ ನಮ್ಮ ಜನ ಲೆಕ್ಕದ ಓಲೆಯನ್ನು ಬಚ್ಚಲ ಒಲೆಗೆ ಹಾಕುವುದುಂಟು. ಹಳೆಯ ಮನೆಯನ್ನು ಕೆಡವಿ ತಾರಸಿಯ ಮನೆ ಕಟ್ಟುವಾಗ ಅಟ್ಟದ ಸಾಮಗ್ರಿ ಮೊದಲು ಹೊರಬೀಳುತ್ತದೆ. ಅಡಿಕೆ, ಮೆಣಸು, ಅಕ್ಕಿ ಎಂಬ ಮಾತುಗಳೂ ಯಾವುದಾದರೊಂದು ಸೆಟ್ಟಿಯ ಹೆಸರೂ ಕಾಣುವ ಓಲೆ ಯಾರಲ್ಲಿಯಾದರೂ ಇದ್ದರೆ, ಅದು ಎಷ್ಟೇ ಮುರುಕಾಗಿರಲಿ, ಎಷ್ಟೇ ಶುಷ್ಕವಾದ ಲೆಕ್ಕವಾಗಿರಲಿ, ನಮ್ಮ ವಿಭಾಗಕ್ಕೆ ತಿಳಿಸಬೇಕೆಂದು ಬೇಡುತ್ತೇವೆ. ಓಲೆಯನ್ನು ನಮಗೆ ಕೊಡಬೇಕಾಗಿಲ್ಲ. ಮನೆಯ ಜಗಲಿಯಲ್ಲಿಯೇ ಕುಳಿತು ಓದಿ, ಪ್ರತಿಮಾಡಿಕೊಂಡು, ಇದ್ದಲ್ಲಿಯೇ ಇಟ್ಟು ಬರುತ್ತೇವೆ.